ಬೇರೆ ಬೇರೆ ಸಸ್ತನಿಗಳ ರೆಟಿನಾದಲ್ಲಿ ಕ್ಯಾಲ್ಸಿಯಂ-ಬಂಧಕ ಪ್ರೋಟೀನ್‌ಗಳನ್ನು ಗುರುತಿಸುವುದು: ಸಮಗ್ರ ಮಾರ್ಗದರ್ಶಿ

ಮೌಸ್ ರೆಟಿನಾದ ಸೆಕ್ಷನ್‌ಗೆ (ತೆಳು ಸೀಳಿಗೆ) ಪಾರ್ವಾಲ್ಬುಮಿನ್ ಎಂಬ ಕ್ಯಾಲ್ಸಿಯಂ-ಬಂಧಕ ಪ್ರೋಟೀನನ್ನು ಹಿಡಿಯುವ ಪ್ರತಿಕಾಯ ಹಾಕಿ, ಹೊಳೆದ ಕೋಶಗಳನ್ನೆಲ್ಲ ಎ-ಟು ಅಮಕ್ರೈನ್ ಕೋಶಗಳೆಂದು (ರೆಟಿನಾದ ಒಳಭಾಗದ ಒಂದು ಬಗೆಯ ನರಕೋಶ) ಬರೆದ ವರದಿಗಳು ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಬರುತ್ತವೆ. ರ‍್ಯಾಟ್‌ನಲ್ಲಿ ಆ ಮಾತು ಸರಿ. ಮೌಸ್‌ನಲ್ಲಿ ಅದೇ ಪ್ರತಿಕಾಯ ಮುಖ್ಯವಾಗಿ ಹಿಡಿಯುವುದು ಮೆದುಳಿಗೆ ಸಂದೇಶ ಕಳಿಸುವ ಗ್ಯಾಂಗ್ಲಿಯಾನ್ ಕೋಶಗಳನ್ನು. ಸ್ಲೈಡ್ ಸುಂದರವಾಗಿರುತ್ತದೆ, ಚಿತ್ರ ಸ್ಪಷ್ಟವಾಗಿರುತ್ತದೆ, ಕೆಳಗೆ ಬರೆದ ಹೆಸರು ಮಾತ್ರ ತಪ್ಪಾಗಿರುತ್ತದೆ. ಪ್ರೋಟೀನಿನ ಹೆಸರು ಕೋಶದ ಹೆಸರಲ್ಲ ಎಂಬುದನ್ನು ಮರೆತು ಕೆಲಸ ಶುರುಮಾಡಿದರೆ ಮುಂದಿನ ಎಲ್ಲ ಎಚ್ಚರಿಕೆಯೂ ವ್ಯರ್ಥ.

ಪ್ರಯೋಗಾಲಯದ ರೂಢಿಯಂತೆ ಸಣ್ಣ ಇಲಿಯನ್ನು ಮೌಸ್ ಎಂದೂ ದೊಡ್ಡ ಇಲಿಯನ್ನು ರ‍್ಯಾಟ್ ಎಂದೂ ಇಲ್ಲಿ ಕರೆದಿದೆ.

## ಹಂತ 1: ಪ್ರತಿಕಾಯ ಕೊಳ್ಳುವ ಮೊದಲು ಪಟ್ಟಿ ಬರೆಯಿರಿ

ಕ್ಯಾಲ್ಸಿಯಂ-ಬಂಧಕ ಪ್ರೋಟೀನ್‌ಗಳ ಕುಟುಂಬದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಮೂವರು ಕ್ಯಾಲ್‌ಬೈಂಡಿನ್ (ಸುಮಾರು 28 ಕಿಲೋಡಾಲ್ಟನ್), ಕ್ಯಾಲ್‌ರೆಟಿನಿನ್ (ಸುಮಾರು 30) ಮತ್ತು ಪಾರ್ವಾಲ್ಬುಮಿನ್ (ಸುಮಾರು 12). ಇವುಗಳ ಜೊತೆಗೆ ರಿಕವರಿನ್, ಸೆಕ್ರೆಟಗೋಜಿನ್, ಸಿಎಬಿಪಿ5 ಮುಂತಾದವು ಬೆಳಕು ಹಿಡಿಯುವ ಕೋಶಗಳ ಸಂದೇಶವನ್ನು ಒಳಪದರಕ್ಕೆ ಸಾಗಿಸುವ ಬೈಪೋಲಾರ್ ಕೋಶಗಳನ್ನು ವಿಂಗಡಿಸಲು ಉಪಯೋಗಕ್ಕೆ ಬರುತ್ತವೆ. ಎಲ್ಲದರಲ್ಲೂ ಕ್ಯಾಲ್ಸಿಯಂ ಹಿಡಿಯುವ ಭಾಗ ಇಎಫ್-ಹ್ಯಾಂಡ್ ಎಂಬ ಒಂದೇ ಬಗೆಯ ಮಡಿಕೆ. ಕ್ಯಾಲ್‌ಬೈಂಡಿನ್ ಮತ್ತು ಕ್ಯಾಲ್‌ರೆಟಿನಿನ್ ಎಷ್ಟು ಹತ್ತಿರದ ಸಂಬಂಧಿಗಳೆಂದರೆ, ಒಂದಕ್ಕೆಂದು ತಯಾರಿಸಿದ ಕೆಲವು ಪ್ರತಿಕಾಯಗಳು ಇನ್ನೊಂದನ್ನೂ ಹಿಡಿಯುತ್ತವೆ.

ನೀವು ನೋಡಲಿರುವ ಪ್ರಾಣಿಯಲ್ಲಿ ಯಾವ ಪ್ರೋಟೀನು ಯಾವ ಕೋಶದಲ್ಲಿ ಸಿಗಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುವುದೇ ಮೊದಲ ಕೆಲಸ. ಬೆಳಕು ಹಿಡಿಯುವ ಕೋಶಗಳನ್ನು ಅಡ್ಡಲಾಗಿ ಬೆಸೆಯುವ ಹಾರಿಜಾಂಟಲ್ ಕೋಶಗಳಿಂದ ಆರಂಭಿಸುವುದು ಸುಲಭ. ಮೌಸ್ ಮತ್ತು ರ‍್ಯಾಟ್‌ಗಳಲ್ಲಿ ಆಕ್ಸಾನ್ (ಉದ್ದನೆಯ ನರತಂತು) ಇರುವ ಒಂದೇ ಬಗೆಯ ಹಾರಿಜಾಂಟಲ್ ಕೋಶವಿದ್ದು, ಅದು ಕ್ಯಾಲ್‌ಬೈಂಡಿನ್‌ಗೆ ಗಾಢವಾಗಿ ಬಣ್ಣ ಹಿಡಿಯುತ್ತದೆ. ಮೊಲದಲ್ಲಿ ಎರಡು ಬಗೆಗಳಿವೆ. ಆಕ್ಸಾನ್ ಇಲ್ಲದ ಎ-ಬಗೆ ಗಾಢವಾಗಿಯೂ ಬಿ-ಬಗೆ ಮಂಕಾಗಿಯೂ ಕಾಣುತ್ತದೆ. ಬೆಕ್ಕಿನಲ್ಲಿ ಎರಡೂ ಬಗೆ ಕ್ಯಾಲ್‌ಬೈಂಡಿನ್ ಹೊಂದಿವೆ. ಮಕಾಕ್ ಕೋತಿ ಮತ್ತು ಮನುಷ್ಯರಲ್ಲಿ ಎಚ್1 ಬಗೆಯನ್ನು ಹಿಡಿಯಲು ಪಾರ್ವಾಲ್ಬುಮಿನ್ ಬೇಕು.

ಹಗಲು ಬೆಳಕಿನಲ್ಲಿ ಕೆಲಸ ಮಾಡುವ ಕೋನ್ ಕೋಶಗಳ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಮನುಷ್ಯ ಮತ್ತು ಮಕಾಕ್‌ಗಳ ಕೋನ್‌ಗಳಲ್ಲಿ ಕ್ಯಾಲ್‌ಬೈಂಡಿನ್ ಇರುತ್ತದೆ, ಆದರೆ ಫೋವಿಯಾದ (ದೃಷ್ಟಿ ಅತಿ ತೀಕ್ಷ್ಣವಾದ ಜಾಗದ) ನಟ್ಟನಡುವಿನ ಕೋನ್‌ಗಳಲ್ಲಿ ಅದು ಕಾಣುವುದಿಲ್ಲ. ಮೌಸ್‌ನ ಕೋನ್‌ಗಳಲ್ಲಿ ಅದನ್ನು ನಿರೀಕ್ಷಿಸಬೇಡಿ. ಮನುಷ್ಯನ ರೆಟಿನಾದ ಅಂಚಿನಿಂದ ತೆಗೆದ ಸೆಕ್ಷನ್ ನೋಡಿ ಇಡೀ ರೆಟಿನಾದ ಬಗ್ಗೆ ಹೇಳಿಕೆ ಕೊಡುವವರು ಇಲ್ಲಿಯೇ ಮುಗ್ಗರಿಸುತ್ತಾರೆ.

ಎ-ಟು ಅಮಕ್ರೈನ್ ಕೋಶವನ್ನು ಪಟ್ಟಿಯ ಪರೀಕ್ಷಾ ಸಾಲಾಗಿ ಇಟ್ಟುಕೊಳ್ಳಿ. ಮಂದ ಬೆಳಕಿನಲ್ಲಿ ರಾಡ್‌ಗಳ ಸಂದೇಶವನ್ನು ಕೋನ್ ಬೈಪೋಲಾರ್‌ಗಳ ದಾರಿಗೆ ಸೇರಿಸುವ ಈ ಕೋಶ ಈ ಎಲ್ಲ ಪ್ರಾಣಿಗಳಲ್ಲೂ ಇದೆ, ಅದರ ಕೆಲಸವೂ ಅದೇ; ಅದನ್ನು ಹಿಡಿಯುವ ಗುರುತು ಮಾತ್ರ ಬದಲಾಗುತ್ತದೆ. ರ‍್ಯಾಟ್‌ನಲ್ಲಿ ಪಾರ್ವಾಲ್ಬುಮಿನ್, ಮೊಲ ಮತ್ತು ಬೆಕ್ಕಿನಲ್ಲಿ ಪಾರ್ವಾಲ್ಬುಮಿನ್ ಹಾಗೂ ಕ್ಯಾಲ್‌ರೆಟಿನಿನ್ ಎರಡೂ, ಮಕಾಕ್‌ನಲ್ಲಿ ಕ್ಯಾಲ್‌ರೆಟಿನಿನ್. ಮೌಸ್‌ನಲ್ಲಿ ಈ ಮೂರನ್ನೂ ನಂಬದೆ ಡಿಸೇಬಲ್ಡ್-1 ಎಂಬ ಬೇರೆಯದೇ ಪ್ರೋಟೀನನ್ನು ಆಶ್ರಯಿಸಬೇಕಾಗುತ್ತದೆ. ಈ ಒಂದು ಸಾಲನ್ನು ತಪ್ಪಿಲ್ಲದೆ ತುಂಬಲು ಬಂದರೆ ಉಳಿದ ಪಟ್ಟಿಯನ್ನೂ ಎಚ್ಚರದಿಂದ ತುಂಬುತ್ತೀರಿ.

## ಹಂತ 2: ಅನುಮತಿ ಮತ್ತು ಉಪಕರಣ

ಭಾರತದಲ್ಲಿ ಪ್ರಯೋಗಕ್ಕಾಗಿ ಪ್ರಾಣಿಯನ್ನು ಬಳಸುವ ಮುನ್ನ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಕಡ್ಡಾಯ. ಮನುಷ್ಯರ ಕಣ್ಣಿಗೆ ನೇತ್ರ ಬ್ಯಾಂಕ್‌ನ ಒಪ್ಪಿಗೆಯ ಜೊತೆಗೆ ಮಾನವ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಕೈ ಪಳಗಿಸಿಕೊಳ್ಳಲು ಕಸಾಯಿಖಾನೆಯಿಂದ ತಂದ ಕುರಿ, ಮೇಕೆಗಳ ಕಣ್ಣುಗಳು ಚೆನ್ನಾಗಿಯೇ ಸಾಕಾಗುತ್ತವೆ, ಆದರೆ ಅವು ತಲೆಯಿಂದ ಹೊರಬಂದ ಸಮಯವನ್ನು ಕೇಳಿ ಬರೆದುಕೊಳ್ಳದಿದ್ದರೆ ಅದರಿಂದ ಬಂದ ಫಲಿತಾಂಶವನ್ನು ಯಾವುದಕ್ಕೂ ಹೋಲಿಸಲಾಗದು.

ಮೇಜಿನ ಮೇಲೆ ಇರಬೇಕಾದವು: ಡಿಸೆಕ್ಷನ್ ಮೈಕ್ರೋಸ್ಕೋಪು, 5ನೇ ನಂಬರಿನ ಸೂಕ್ಷ್ಮ ಚಿಮುಟಗಳು ಎರಡು, ಸ್ಪ್ರಿಂಗ್ ಇರುವ ವ್ಯಾನಸ್ ಕತ್ತರಿ, ಪ್ಯಾರಾಫಾರ್ಮಾಲ್ಡಿಹೈಡ್, ಫಾಸ್ಫೇಟ್ ಬಫರ್, ಸುಕ್ರೋಸ್, ಹೆಪ್ಪುಗಟ್ಟಿಸುವ ಓಸಿಟಿ ಅಂಟು, ಕ್ರಯೋಸ್ಟಾಟ್, ಅಂಗಾಂಶ ಅಂಟಿಕೊಳ್ಳುವಂತೆ ಲೇಪಿಸಿದ ಸ್ಲೈಡ್‌ಗಳು, ಕೋಶಪೊರೆಯನ್ನು ಸಡಿಲಿಸುವ ಟ್ರೈಟಾನ್, ಸಾಮಾನ್ಯ ಸೀರಂ, ನ್ಯೂಕ್ಲಿಯಸ್‌ಗೆ ಬಣ್ಣ ಕೊಡುವ ಡಿಎಪಿಐ ಮತ್ತು ಕೊನೆಗೆ ಕಾನ್‌ಫೋಕಲ್ ಮೈಕ್ರೋಸ್ಕೋಪಿನ ಸಮಯ. ಇವುಗಳಲ್ಲಿ ಜನ ಉಳಿತಾಯ ಮಾಡಲು ಹೋಗುವುದು ಚಿಮುಟದಲ್ಲಿ. ತುದಿ ಬಾಗಿದ ಚಿಮುಟ ರೆಟಿನಾವನ್ನು ಎತ್ತುವುದಿಲ್ಲ, ಹರಿಯುತ್ತದೆ.

## ಹಂತ 3: ಕಣ್ಣು ತೆಗೆಯುವುದು ಮತ್ತು ಸ್ಥಿರೀಕರಣ

ಹೆಚ್ಚಿನ ಸ್ಲೈಡ್‌ಗಳು ಹಾಳಾಗುವುದು ಈ ಹಂತದಲ್ಲಿ. ಆದರೆ ಹಾಳಾದದ್ದು ಗೊತ್ತಾಗುವುದು ವಾರದ ನಂತರ, ಮೈಕ್ರೋಸ್ಕೋಪಿನ ಕೆಳಗೆ. ಆದ್ದರಿಂದ ಕ್ರಮವನ್ನು ಬದಲಿಸಬೇಡಿ.

ಮೊದಲು ಅಂಗಾಂಶ ಕೆಡದಂತೆ ಹಿಡಿದಿಡುವ ಸ್ಥಿರೀಕರಣ ದ್ರಾವಣ ಸಿದ್ಧವಾಗಿರಬೇಕು. 50 ಮಿಲಿಲೀಟರ್ ನೀರನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿ 4 ಗ್ರಾಂ ಪ್ಯಾರಾಫಾರ್ಮಾಲ್ಡಿಹೈಡ್ ಪುಡಿ ಹಾಕಿ, ಹಾಲಿನಂತಿರುವ ದ್ರಾವಣ ತಿಳಿಯಾಗುವವರೆಗೆ ಸೋಡಿಯಂ ಹೈಡ್ರಾಕ್ಸೈಡನ್ನು ಹನಿ ಹನಿಯಾಗಿ ಸೇರಿಸಿ. ತಣ್ಣಗಾದ ಮೇಲೆ 0.2 ಮೋಲಾರ್ ಫಾಸ್ಫೇಟ್ ಬಫರನ್ನು 50 ಮಿಲಿಲೀಟರ್ ಬೆರೆಸಿ, ಸೋಸಿ, ಪಿಎಚ್ 7.4ಕ್ಕೆ ಹೊಂದಿಸಿ. ಪಿಎಚ್ ಅನ್ನು ಬಿಸಿಯಿರುವಾಗ ನೋಡಬಾರದು. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ, ಇದೆಲ್ಲ ಫ್ಯೂಮ್ ಹುಡ್‌ನ ಒಳಗೇ ನಡೆಯಬೇಕು. ಕಣ್ಣು ಉರಿಯುತ್ತಿದೆ, ಮೂಗು ಚುರುಗುಟ್ಟುತ್ತಿದೆ ಎಂದರೆ ಹುಡ್‌ನ ಗಾಜು ಹೆಚ್ಚು ಮೇಲೆ ಇದೆ ಎಂದರ್ಥ.

ಕಣ್ಣನ್ನು ತೆಗೆಯುವ ಮುನ್ನ ಅದರ ಮೇಲ್ಭಾಗಕ್ಕೆ ಗುರುತು ಹಾಕಿ. ದೊಡ್ಡ ಕಣ್ಣಿಗೆ ಒಂದು ಹೊಲಿಗೆ, ಮೌಸ್‌ನ ಕಣ್ಣಿಗೆ ಕಾರ್ನಿಯಾದ ಅಂಚಿನಲ್ಲಿ ಸಣ್ಣ ಸುಟ್ಟ ಚುಕ್ಕೆ ಸಾಕು. ಒಮ್ಮೆ ಕಣ್ಣು ಗುಳಿಯಿಂದ ಹೊರಬಂದು ತಟ್ಟೆಯಲ್ಲಿ ಉರುಳಿದರೆ ಮೇಲು-ಕೆಳಗು ಹೇಳುವ ದಾರಿಯಿಲ್ಲ.

ಸಾವಿಗೂ ಸ್ಥಿರೀಕರಣಕ್ಕೂ ನಡುವಿನ ಅಂತರ ಕೆಲವೇ ನಿಮಿಷಗಳದ್ದಾಗಿರಬೇಕು. ಕಾರ್ನಿಯಾದ ಅಂಚಿನಲ್ಲಿ ಸೂಜಿಯಿಂದ ಚುಚ್ಚಿ, ಅಲ್ಲಿಂದ ಕತ್ತರಿಸುತ್ತ ಸುತ್ತಿ ಕಾರ್ನಿಯಾ ಮತ್ತು ಲೆನ್ಸ್ ತೆಗೆದು, ಉಳಿದ ಬಟ್ಟಲನ್ನು ದ್ರಾವಣದಲ್ಲಿ ಮುಳುಗಿಸಿ. ಇಡೀ ಕಣ್ಣನ್ನು ಹಾಗೆಯೇ ಮುಳುಗಿಸಿಟ್ಟರೆ ದ್ರಾವಣ ಒಳಗೆ ತಲುಪುವಷ್ಟರಲ್ಲಿ ಒಳಪದರಗಳು ಊದಿಕೊಂಡಿರುತ್ತವೆ. ಮೌಸ್‌ನ ಬಟ್ಟಲಿಗೆ 30ರಿಂದ 60 ನಿಮಿಷ, ಮೊಲ ಅಥವಾ ಬೆಕ್ಕಿನದಕ್ಕೆ 1ರಿಂದ 2 ಗಂಟೆ ಆರಂಭಕ್ಕೆ ಸರಿಯಾದ ಅವಧಿ. ಕಣ್ಣೊಳಗಿನ ಜೆಲ್ಲಿಯಾದ ವಿಟ್ರಿಯಸ್ ಅನ್ನು ಚಿಮುಟ ಮತ್ತು ಮಡಿಸಿದ ಶೋಧಕ ಕಾಗದದ ತುಂಡಿನಿಂದ ಪೂರ್ತಿ ತೆಗೆಯಿರಿ. ಉಳಿದ ಜೆಲ್ಲಿ ಹೋಲ್‌ಮೌಂಟ್‌ನಲ್ಲಿ (ಇಡೀ ರೆಟಿನಾವನ್ನು ಕತ್ತರಿಸದೆ ಚಪ್ಪಟೆಯಾಗಿ ಹರಡಿದಾಗ) ಪ್ರತಿಕಾಯವನ್ನು ತಡೆಯುತ್ತದೆ.

ಒಂದು ಸೂಕ್ಷ್ಮವನ್ನು ಇಲ್ಲಿ ವಿವರಿಸಬೇಕು. ಈ ಪ್ರೋಟೀನ್‌ಗಳು ಸಣ್ಣವು ಮತ್ತು ಸೈಟೋಪ್ಲಾಸಂನಲ್ಲಿ ಕರಗಿಕೊಂಡಿರುವವು. ಹಸಿ ಅಂಗಾಂಶವನ್ನು ನೇರವಾಗಿ ಹೆಪ್ಪುಗಟ್ಟಿಸಿ ಅಸಿಟೋನ್‌ನಲ್ಲಿ ಅದ್ದುವ ವಿಧಾನ ಪೊರೆಯ ಪ್ರೋಟೀನ್‌ಗಳಿಗೆ ಹೊಂದಬಹುದು, ಆದರೆ ಇಲ್ಲಿ, ಅದರಲ್ಲೂ 12 ಕಿಲೋಡಾಲ್ಟನ್‌ನ ಪಾರ್ವಾಲ್ಬುಮಿನ್ ವಿಷಯದಲ್ಲಿ, ಪ್ರೋಟೀನು ತೊಳೆಯುವ ನೀರಿನೊಂದಿಗೆ ಹೊರಟುಹೋಗುವ ಸಾಧ್ಯತೆಯಿದೆ. ಹಾಗೆಂದು ರಾತ್ರಿಯಿಡೀ ಸ್ಥಿರೀಕರಿಸಿದರೆ ಪ್ರತಿಕಾಯ ಅಂಟಿಕೊಳ್ಳುವ ಜಾಗವೇ ಮುಚ್ಚಿಹೋಗಬಹುದು. ಹೋಲಿಕೆಯ ಅಧ್ಯಯನದಲ್ಲಿ ಅವಧಿಯನ್ನು ಕಣ್ಣಿನ ಗಾತ್ರಕ್ಕೆ ತಕ್ಕಂತೆ ಮೊದಲೇ ನಿಗದಿಪಡಿಸಿ ಪ್ರತಿ ಪ್ರಾಣಿಗೂ ಬರೆದಿಡಿ.

ಎಚ್ಚರಿಕೆಯ ಚಿಹ್ನೆಗಳು: ಒಳಪದರಗಳಲ್ಲಿ ಗುಳ್ಳೆಯಂಥ ಖಾಲಿ ಜಾಗಗಳು ಕಂಡರೆ ತಡವಾಗಿದೆ. ಹೊರಪದರ ಚೆನ್ನಾಗಿದ್ದು ಒಳಪದರ ಮಾತ್ರ ಮಂಕಾಗಿದ್ದರೆ, ವಿಟ್ರಿಯಸ್ ಉಳಿದಿರಬಹುದು.

## ಹಂತ 4: ಸುಕ್ರೋಸ್ ಮತ್ತು ಸೆಕ್ಷನ್

ಬಫರ್‌ನಲ್ಲಿ ತೊಳೆದ ಬಟ್ಟಲನ್ನು 10, 20, 30 ಶೇಕಡಾ ಸುಕ್ರೋಸ್‌ಗೆ ಒಂದಾದ ಮೇಲೊಂದರಂತೆ ಹಾಕಿ. ತಳಕ್ಕೆ ಮುಳುಗಿದಾಗ ಮುಂದಿನದಕ್ಕೆ ಹೋಗಬೇಕು. ಗಡಿಯಾರಕ್ಕಿಂತ ಇದನ್ನು ನಂಬಿ. ನಂತರ ಓಸಿಟಿಯಲ್ಲಿ ಕೂರಿಸಿ ಹೆಪ್ಪುಗಟ್ಟಿಸಿ, ಮೈನಸ್ 20 ಡಿಗ್ರಿಯ ಆಸುಪಾಸಿನಲ್ಲಿ 12ರಿಂದ 20 ಮೈಕ್ರಾನ್ ದಪ್ಪದ ಸೆಕ್ಷನ್ ತೆಗೆಯಿರಿ. ಕತ್ತರಿಸುವ ಸಮತಲ ದೃಷ್ಟಿನರ ಹೊರಹೋಗುವ ಬಿಂದುವಿನ ಮೂಲಕ ಹಾದರೆ, ಬೇರೆ ಬೇರೆ ಪ್ರಾಣಿಗಳ ಸೆಕ್ಷನ್‌ಗಳನ್ನು ಒಂದೇ ಜಾಗದಿಂದ ಅಳೆದು ಹೋಲಿಸಬಹುದು.

ಓರೆಯಾದ ಸೆಕ್ಷನ್ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುತ್ತದೆ. ಒಳ ಪ್ಲೆಕ್ಸಿಫಾರ್ಮ್ ಪದರ (ಕೋಶಗಳ ಚಾಚುಗಳು ಸಂಧಿಸುವ ಪದರ) ಅಗಲವಾಗಿ ಕಾಣುತ್ತದೆ, ಅದರೊಳಗಿನ ಪಟ್ಟಿಗಳು ಮಸುಕಾಗುತ್ತವೆ, ಹಾರಿಜಾಂಟಲ್ ಕೋಶಗಳ ಒಂದೇ ಸಾಲು ಎರಡು ಮೂರು ಸಾಲಿನಂತೆ ತೋರುತ್ತದೆ. ಪರೀಕ್ಷೆ ಸರಳವಾಗಿದೆ: ಡಿಎಪಿಐ ಚಿತ್ರದಲ್ಲಿ ಹೊರ ಪ್ಲೆಕ್ಸಿಫಾರ್ಮ್ ಪದರ ತೆಳುವಾದ, ಅಂಚು ಸ್ಪಷ್ಟವಾದ ಕಪ್ಪು ಗೆರೆಯಾಗಿ ಕಾಣಬೇಕು. ಕಾಣದಿದ್ದರೆ ಆ ಸೆಕ್ಷನನ್ನು ಎಣಿಕೆಗೆ ಬಳಸಬೇಡಿ, ಎಷ್ಟೇ ಚೆಂದ ಹೊಳೆಯುತ್ತಿರಲಿ.

## ಹಂತ 5: ಪ್ರತಿಕಾಯದ ಆಯ್ಕೆ

ಪ್ರತಿಕಾಯವನ್ನು ಯಾವ ಪ್ರಾಣಿಯ ಪ್ರೋಟೀನಿನ ವಿರುದ್ಧ ಬೆಳೆಸಲಾಗಿದೆ ಎಂಬುದನ್ನು ಓದಿ. ಬಹಳ ಬಳಕೆಯಲ್ಲಿರುವ ಒಂದು ಪಾರ್ವಾಲ್ಬುಮಿನ್ ಮೋನೋಕ್ಲೋನಲ್ ಪ್ರತಿಕಾಯವನ್ನು ಕಾರ್ಪ್ ಮೀನಿನ ಸ್ನಾಯುವಿನ ಪ್ರೋಟೀನಿಗೆ ವಿರುದ್ಧವಾಗಿಯೂ, ಒಂದು ಕ್ಯಾಲ್‌ಬೈಂಡಿನ್ ಪ್ರತಿಕಾಯವನ್ನು ಕೋಳಿಯ ಕರುಳಿನ ಪ್ರೋಟೀನಿಗೆ ವಿರುದ್ಧವಾಗಿಯೂ ತಯಾರಿಸಲಾಗಿದೆ. ಅವು ಸಾಮಾನ್ಯ ಪ್ರಯೋಗ ಪ್ರಾಣಿಗಳಲ್ಲಿ ಕೆಲಸ ಮಾಡುತ್ತವೆ ಎಂಬುದು ಬಾವಲಿಯಲ್ಲಿಯೋ ನಾಯಿಯಲ್ಲಿಯೋ ಮಾಡುತ್ತವೆ ಎಂಬುದಕ್ಕೆ ಆಧಾರವಾಗದು. ಹೊಸ ಪ್ರಾಣಿಗೆ ಕೈಹಾಕುವ ಮುನ್ನ ಆ ಪ್ರಾಣಿಯ ರೆಟಿನಾದ ಮೇಲೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ತೂಕದಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆ) ನಡೆಸಿ, ನಿರೀಕ್ಷಿತ ತೂಕದಲ್ಲಿ ಒಂದೇ ಪಟ್ಟಿ ಬಂದಿದೆಯೇ ನೋಡಿಕೊಳ್ಳಿ.

ಮೌಸ್‌ನಲ್ಲಿ ಬೆಳೆಸಿದ ಪ್ರತಿಕಾಯವನ್ನು ಮೌಸ್ ಅಂಗಾಂಶಕ್ಕೇ ಹಾಕಿದರೆ, ಎರಡನೆಯ ಪ್ರತಿಕಾಯ (ಮೊದಲನೆಯದಕ್ಕೆ ಅಂಟಿ ಹೊಳಪು ಕೊಡುವಂಥದ್ದು) ರಕ್ತನಾಳಗಳೊಳಗಿನ ಪ್ರಾಣಿಯ ಸ್ವಂತ ಇಮ್ಯುನೋಗ್ಲಾಬ್ಯುಲಿನ್ ಅನ್ನೂ ಹಿಡಿಯುತ್ತದೆ. ಸ್ಲೈಡ್‌ನಲ್ಲಿ ಕೊಳವೆಯಾಕಾರದ ಹೊಳಪು ಕಂಡರೆ ಇದೇ ಕಾರಣ. ಮೊಲ, ಮೇಕೆ ಅಥವಾ ಗಿನಿಪಿಗ್‌ನಲ್ಲಿ ಬೆಳೆಸಿದ ಪ್ರತಿಕಾಯವನ್ನು ಆರಿಸಿಕೊಳ್ಳಿ. ಮೊಲದ ರೆಟಿನಾಕ್ಕೆ ಮೊಲದ ಪ್ರತಿಕಾಯ ಹಾಕುವಾಗಲೂ ಇದೇ ತೊಂದರೆ.

ಇನ್ನೊಂದು ವಿಷಯ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಕ್ಯಾಲ್ಸಿಯಂ ಹಿಡಿದಾಗ ಈ ಪ್ರೋಟೀನ್‌ಗಳ ಆಕಾರ ಬದಲಾಗುತ್ತದೆ, ಮತ್ತು ಕೆಲವು ಪ್ರತಿಕಾಯಗಳು ಒಂದು ಆಕಾರವನ್ನು ಇನ್ನೊಂದಕ್ಕಿಂತ ಚೆನ್ನಾಗಿ ಗುರುತಿಸುತ್ತವೆ. ತೊಳೆಯುವ ಬಫರ್‌ಗೆ ಅಭ್ಯಾಸಬಲದಿಂದ, ಕ್ಯಾಲ್ಸಿಯಂ ಅನ್ನು ಹಿಡಿದು ಕಸಿಯುವ ಇಡಿಟಿಎ ಸೇರಿಸುವವರು ಇದನ್ನು ನೆನಪಿಡಬೇಕು. ಒಂದು ಬ್ಯಾಚ್‌ನಲ್ಲಿ ಇಡಿಟಿಎ, ಇನ್ನೊಂದರಲ್ಲಿ ಇಲ್ಲ ಎಂದಾದರೆ ಎರಡು ಪ್ರಾಣಿಗಳ ನಡುವೆ ಕಂಡ ವ್ಯತ್ಯಾಸ ಬಫರ್‌ನದ್ದೂ ಆಗಿರಬಹುದು.

## ಹಂತ 6: ಬಣ್ಣ ಹಿಡಿಸುವ ಕ್ರಮ

ಸೆಕ್ಷನನ್ನು ಬಫರ್‌ನಲ್ಲಿ ತೊಳೆದು ಓಸಿಟಿ ಹೋಗಲಾಡಿಸಿ. ಎರಡನೆಯ ಪ್ರತಿಕಾಯ ಯಾವ ಪ್ರಾಣಿಯಿಂದ ಬಂದಿದೆಯೋ ಅದೇ ಪ್ರಾಣಿಯ ಸಾಮಾನ್ಯ ಸೀರಂ 5ರಿಂದ 10 ಶೇಕಡಾ, ಟ್ರೈಟಾನ್ 0.3 ಶೇಕಡಾ ಇರುವ ಬಫರ್‌ನಲ್ಲಿ 1 ಗಂಟೆ ಇಡಿ. ಮೊದಲ ಪ್ರತಿಕಾಯ ರಾತ್ರಿಯಿಡೀ 4 ಡಿಗ್ರಿಯಲ್ಲಿ, ತೇವವಾದ ಪೆಟ್ಟಿಗೆಯೊಳಗೆ. ಮರುದಿನ 10 ನಿಮಿಷಗಳಂತೆ ಮೂರು ಬಾರಿ ತೊಳೆದು, ಎರಡನೆಯ ಪ್ರತಿಕಾಯವನ್ನು 1ರಿಂದ 2 ಗಂಟೆ ಕತ್ತಲಲ್ಲಿ ಹಾಕಿ, ಮತ್ತೆ ತೊಳೆದು, ಡಿಎಪಿಐ ಹಾಕಿ ಮುಚ್ಚಿ. ಹೋಲ್‌ಮೌಂಟ್‌ಗೆ ಮೊದಲ ಪ್ರತಿಕಾಯ 3ರಿಂದ 5 ದಿನ ಬೇಕು. ಅವಸರ ಮಾಡಿದರೆ ಮೇಲಿನ ಗ್ಯಾಂಗ್ಲಿಯಾನ್ ಪದರ ಮಾತ್ರ ಹೊಳೆದು ಒಳಗಿನ ಅಮಕ್ರೈನ್‌ಗಳು ಕತ್ತಲಲ್ಲೇ ಉಳಿಯುತ್ತವೆ.

ಸ್ಲೈಡ್ ಒಂದು ಕ್ಷಣವೂ ಒಣಗಬಾರದು. ಅಂಚಿನಲ್ಲಿ ಹೊಳಪು, ನಡುವೆ ಮಂಕು ಎಂದಾದರೆ ಅದು ಒಣಗಿದ ಗುರುತು.

## ಹಂತ 7: ನಿಯಂತ್ರಣ ಸ್ಲೈಡ್‌ಗಳು

ಮೊದಲ ಪ್ರತಿಕಾಯ ಹಾಕದ ಒಂದು ಸ್ಲೈಡ್ ಎಲ್ಲರೂ ಇಡುತ್ತಾರೆ. ಅದು ಎರಡನೆಯ ಪ್ರತಿಕಾಯದ ಬಗ್ಗೆ ಮಾತ್ರ ಹೇಳುತ್ತದೆ. ಮೊದಲನೆಯದು ಸರಿಯಾದ ಪ್ರೋಟೀನನ್ನು ಹಿಡಿಯಿತೇ ಎಂಬುದಕ್ಕೆ ಉತ್ತರ ಅದರಲ್ಲಿಲ್ಲ. ನನ್ನ ಮಟ್ಟಿಗೆ ಅದೇ ಪ್ರಾಣಿಯ ಸೆರೆಬೆಲ್ಲಂನ (ಕಿರುಮೆದುಳಿನ) ಒಂದು ತುಂಡನ್ನು ಅದೇ ಸ್ಲೈಡಿನಲ್ಲಿ ಕೂರಿಸುವುದು ಅಗ್ಗದ ಹಾಗೂ ಅತ್ಯುತ್ತಮ ಪರೀಕ್ಷೆ. ಕ್ಯಾಲ್‌ಬೈಂಡಿನ್ ಅಲ್ಲಿನ ದೊಡ್ಡ ಪರ್ಕಿಂಜೆ ಕೋಶಗಳನ್ನು ತುಂಬಬೇಕು. ಪಾರ್ವಾಲ್ಬುಮಿನ್ ಪರ್ಕಿಂಜೆ ಕೋಶಗಳ ಜೊತೆಗೆ ಮಾಲಿಕ್ಯುಲಾರ್ ಪದರದ ಸಣ್ಣ ಇಂಟರ್‌ನ್ಯೂರಾನ್‌ಗಳಲ್ಲೂ ಕಾಣಬೇಕು. ಕ್ಯಾಲ್‌ರೆಟಿನಿನ್ ಗ್ರ್ಯಾನ್ಯೂಲ್ ಕೋಶಗಳಲ್ಲಿ ಕಾಣಬೇಕು, ಪರ್ಕಿಂಜೆ ಕೋಶಗಳಲ್ಲಿ ಕಾಣಬಾರದು. ಕ್ಯಾಲ್‌ರೆಟಿನಿನ್ ಸ್ಲೈಡಿನಲ್ಲಿ ಪರ್ಕಿಂಜೆ ಕೋಶಗಳು ಹೊಳೆದರೆ ನಿಮ್ಮ ಪ್ರತಿಕಾಯ ಕ್ಯಾಲ್‌ಬೈಂಡಿನ್ ಅನ್ನೂ ಹಿಡಿಯುತ್ತಿದೆ ಎಂದು ಶಂಕಿಸಿ, ಅಲ್ಲಿಗೆ ನಿಲ್ಲಿಸಿ.

ಮೂರೂ ಪ್ರೋಟೀನ್‌ಗಳಿಗೆ ಜೀನ್ ತೆಗೆದ ಮೌಸ್ ತಳಿಗಳಿವೆ. ಅವು ದೊರೆತರೆ ಅದಕ್ಕಿಂತ ದೃಢವಾದ ನಿಯಂತ್ರಣ ಬೇರಿಲ್ಲ.

## ಹಂತ 8: ಕೋಶವನ್ನು ಗುರುತಿಸುವುದು

ಪದರದಿಂದ ಆಕಾರಕ್ಕೆ, ಆಕಾರದಿಂದ ಎರಡನೆಯ ಗುರುತಿಗೆ: ಈ ಕ್ರಮದಲ್ಲೇ ಹೋಗಿ. ಒಳ ನ್ಯೂಕ್ಲಿಯರ್ ಪದರದ ಹೊರ ಅಂಚಿನಲ್ಲಿ ಹಾರಿಜಾಂಟಲ್, ನಡುವೆ ಬೈಪೋಲಾರ್, ಒಳ ಅಂಚಿನಲ್ಲಿ ಅಮಕ್ರೈನ್ ಎಂಬುದು ಒಳ್ಳೆಯ ಆರಂಭ. ಗ್ಯಾಂಗ್ಲಿಯಾನ್ ಕೋಶ ಪದರದ ವಿಷಯದಲ್ಲಿ ಮಾತ್ರ ಆ ಹೆಸರನ್ನು ನಂಬಬೇಡಿ. ಮೌಸ್‌ನಲ್ಲಿ ಆ ಪದರದ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಾನಪಲ್ಲಟಗೊಂಡ ಅಮಕ್ರೈನ್‌ಗಳು. ಅಲ್ಲಿ ಹೊಳೆದ ಕೋಶ ಗ್ಯಾಂಗ್ಲಿಯಾನ್ ಕೋಶವೆಂದು ಹೇಳಬೇಕಾದರೆ ಆರ್‌ಬಿಪಿಎಂಎಸ್‌ನಂತಹ ಗುರುತಿನೊಂದಿಗೆ ಜೋಡಿಯಾಗಿ ಬಣ್ಣ ಹಿಡಿಸಿ ತೋರಿಸಬೇಕು.

ಮೌಸ್‌ನ ಕ್ಯಾಲ್‌ರೆಟಿನಿನ್ ಸ್ಲೈಡನ್ನು ಹತ್ತಿರದಿಂದ ನೋಡೋಣ. ಒಳ ಪ್ಲೆಕ್ಸಿಫಾರ್ಮ್ ಪದರದಲ್ಲಿ ಮೂರು ಅಡ್ಡ ಪಟ್ಟಿಗಳು ಕಾಣುತ್ತವೆ. ಅದೇ ಸೆಕ್ಷನ್‌ಗೆ ಕೋಲೀನ್ ಅಸಿಟೈಲ್‌ಟ್ರಾನ್ಸ್‌ಫರೇಸ್ ಪ್ರತಿಕಾಯವನ್ನೂ ಹಾಕಿದರೆ, ಹೊರಗಿನ ಮತ್ತು ಒಳಗಿನ ಪಟ್ಟಿಗಳು ಸ್ಟಾರ್‌ಬರ್ಸ್ಟ್ ಅಮಕ್ರೈನ್ ಕೋಶಗಳ ಎರಡು ಪಟ್ಟಿಗಳ ಮೇಲೆ ಕೂರುತ್ತವೆ, ನಡುವಿನದು ಒಂಟಿಯಾಗಿ ಉಳಿಯುತ್ತದೆ. ಈ ಮೂರು ಗೆರೆ ಪದರದ ಆಳ ಅಳೆಯುವ ಅಳತೆಕೋಲಾಗಿ ಎಷ್ಟು ಉಪಯುಕ್ತವೆಂದರೆ, ಬೇರೆ ಯಾವುದೇ ಕೋಶದ ಕೊಂಬೆ ಎಲ್ಲಿ ಹರಡಿದೆ ಎಂಬುದನ್ನು ಇವುಗಳಿಗೆ ಹೋಲಿಸಿ ಹೇಳಬಹುದು. ಮೂರರ ಬದಲು ಒಂದು ದಪ್ಪ ಮಬ್ಬು ಪಟ್ಟಿ ಬಂದರೆ ಹಂತ 4ರ ಓರೆ ಸೆಕ್ಷನ್ ನೆನಪಿಸಿಕೊಳ್ಳಿ.

ಇದನ್ನೇ ಮಕಾಕ್‌ನ ಕ್ಯಾಲ್‌ರೆಟಿನಿನ್ ಸ್ಲೈಡಿನೊಂದಿಗೆ ಪಕ್ಕಪಕ್ಕ ಇಡಿ. ಅಲ್ಲಿ ಕಾಣುವುದು ಎ-ಟು ಕೋಶ: ಒಳ ನ್ಯೂಕ್ಲಿಯರ್ ಪದರದ ಅಂಚಿನಲ್ಲಿ ದೇಹ, ಅದರಿಂದ ಕೆಳಗಿಳಿಯುವ ದಪ್ಪ ಕುತ್ತಿಗೆ, ಪದರದ ಹೊರ ಅರ್ಧದಲ್ಲಿ ಗಂಟುಗಂಟಾದ ಚಾಚುಗಳು, ಒಳ ಅರ್ಧದಲ್ಲಿ ರಾಡ್ ಬೈಪೋಲಾರ್ ತುದಿಗಳತ್ತ ಇಳಿದ ತೆಳು ಕೊಂಬೆಗಳು. ಈ ಆಕಾರ ಕಾಣದೆ ಎ-ಟು ಎಂದು ಬರೆಯಬಾರದು. ಪಿಕೆಸಿ-ಆಲ್ಫಾ ಪ್ರತಿಕಾಯದಿಂದ ರಾಡ್ ಬೈಪೋಲಾರ್‌ಗಳನ್ನೂ ತೋರಿಸಿದರೆ ವಾದ ಗಟ್ಟಿಯಾಗುತ್ತದೆ.

ಮನುಷ್ಯರ, ಅದರಲ್ಲೂ ವಯಸ್ಸಾದವರ ಅಂಗಾಂಶದಲ್ಲಿ ಲಿಪೋಫ್ಯೂಸಿನ್ ಎಂಬ ವರ್ಣಕ ತಾನಾಗಿಯೇ ಹೊಳೆಯುತ್ತದೆ. ಎಲ್ಲ ಬಣ್ಣದ ಚಾನೆಲ್‌ಗಳಲ್ಲೂ ಒಂದೇ ಜಾಗದಲ್ಲಿ ಕಾಣುವ ಹಳದಿ ಕಣಗಳನ್ನು ಬಣ್ಣ ಹಿಡಿದ ಕೋಶಗಳೆಂದು ಎಣಿಸಬೇಡಿ.

## ಹಂತ 9: ಚಿತ್ರ ಮತ್ತು ಎಣಿಕೆ

ಹೋಲಿಸಬೇಕಾದ ಎಲ್ಲ ಸ್ಲೈಡ್‌ಗಳಿಗೂ ಲೇಸರ್ ಶಕ್ತಿ ಮತ್ತು ಗೇನ್ ಒಂದೇ ಇರಲಿ, ಚಾನೆಲ್‌ಗಳನ್ನು ಒಂದಾದ ಮೇಲೊಂದರಂತೆ ತೆಗೆಯಿರಿ. ಮೊಲದ ಬಿ-ಬಗೆಯ ಹಾರಿಜಾಂಟಲ್ ಕೋಶದಂಥ ಮಂಕು ಕೋಶಗಳು ಗಾಢ ಕೋಶಕ್ಕೆ ಹೊಂದಿಸಿದ ಗೇನ್‌ನಲ್ಲಿ ಮಾಯವಾಗುತ್ತವೆ. ಅಂಥಲ್ಲಿ ಎರಡು ಮಟ್ಟದಲ್ಲಿ ಚಿತ್ರ ತೆಗೆದು ಎರಡನ್ನೂ ಉಳಿಸಿಕೊಳ್ಳಿ.

ಎಣಿಕೆ ಹೋಲ್‌ಮೌಂಟ್‌ನಲ್ಲೇ ಆಗಬೇಕು. ಮೊಲದಲ್ಲಿ ದೃಷ್ಟಿಪಟ್ಟೆ, ಬೆಕ್ಕಿನಲ್ಲಿ ಏರಿಯಾ ಸೆಂಟ್ರಾಲಿಸ್, ಮಕಾಕ್‌ನಲ್ಲಿ ಫೋವಿಯಾ ಎಂಬ, ಕೋಶಗಳು ದಟ್ಟವಾದ ಜಾಗ ಇರುವುದರಿಂದ ಸಾಂದ್ರತೆ ಜಾಗದಿಂದ ಜಾಗಕ್ಕೆ ತೀವ್ರವಾಗಿ ಬದಲಾಗುತ್ತದೆ. ಆದ್ದರಿಂದ ನಡುವಿನಿಂದ ಅಂಚಿನವರೆಗೆ ಸಮ ಅಂತರದ ಚೌಕಗಳಲ್ಲಿ ಎಣಿಸಿ, ದೂರದೊಂದಿಗೆ ಸಂಖ್ಯೆಯನ್ನೂ ಬರೆಯಿರಿ. ಸೆಕ್ಷನ್‌ನಲ್ಲೇ ಎಣಿಸುವುದು ಅನಿವಾರ್ಯವಾದರೆ ಅಬರ್‌ಕ್ರಾಂಬಿ ತಿದ್ದುಪಡಿ ಮಾಡಬೇಕು: ಸೆಕ್ಷನ್‌ನ ದಪ್ಪವನ್ನು, ದಪ್ಪ ಮತ್ತು ನ್ಯೂಕ್ಲಿಯಸ್‌ನ ಸರಾಸರಿ ವ್ಯಾಸಗಳ ಮೊತ್ತದಿಂದ ಭಾಗಿಸಿ, ಬಂದದ್ದನ್ನು ಎಣಿಕೆಗೆ ಗುಣಿಸಿ. ದಪ್ಪ 14 ಮೈಕ್ರಾನ್, ವ್ಯಾಸ 7 ಮೈಕ್ರಾನ್ ಇದ್ದಾಗ ಎಣಿಸಿದ 90 ನ್ಯೂಕ್ಲಿಯಸ್‌ಗಳು ವಾಸ್ತವದಲ್ಲಿ 60.

## ಹಂತ 10: ಕೋಷ್ಟಕ ತುಂಬುವುದು

ಪ್ರಾಣಿಗಳನ್ನು ಹೋಲಿಸುವ ಕೋಷ್ಟಕದಲ್ಲಿ ಇದೆ, ಇಲ್ಲ ಎಂಬ ಎರಡೇ ಉತ್ತರ ಸಾಲದು. ಗಾಢ, ಮಂಕು, ಕಾಣಲಿಲ್ಲ, ಪರೀಕ್ಷಿಸಿಲ್ಲ ಎಂದು ನಾಲ್ಕು ಬಗೆಯಾಗಿ ತುಂಬಿ. ಕಾಣಲಿಲ್ಲ ಎಂದು ಬರೆಯಲು ಅದೇ ಸ್ಲೈಡಿನಲ್ಲಿ ಬೇರೊಂದು ಕೋಶವೋ ಸೆರೆಬೆಲ್ಲಂನ ತುಂಡೋ ಸರಿಯಾಗಿ ಹೊಳೆದಿರಬೇಕು; ಇಲ್ಲವಾದರೆ ಅದು ಪರೀಕ್ಷಿಸಿಲ್ಲ ಎಂಬ ಸಾಲಿಗೆ ಸೇರುತ್ತದೆ. ಪ್ರತಿ ಕೋಶಕ್ಕೆ ಕೊಟ್ಟ ಹೆಸರಿನ ಪಕ್ಕ ಆಧಾರವನ್ನೂ ಬರೆಯಿರಿ: ಪದರ ಮಾತ್ರ, ಆಕಾರ, ಅಥವಾ ಜೋಡಿ ಗುರುತು. ಪದರ ಮಾತ್ರ ಎಂದಿರುವ ಕಡೆ ಅಮಕ್ರೈನ್ ಎಂದಷ್ಟೇ ಬರೆದು ನಿಲ್ಲಿಸಿ, ಉಪಬಗೆಯ ಹೆಸರು ಬೇಡ. ಪ್ರೋಟೀನು ಇರುವುದರಿಂದ ಆ ಕೋಶ ಕ್ಯಾಲ್ಸಿಯಂ ಹೊಡೆತವನ್ನು ತಡೆದುಕೊಳ್ಳುತ್ತದೆ ಎಂಬಂಥ ವಾಕ್ಯಗಳನ್ನು ಸ್ಲೈಡ್ ನೋಡಿ ಬರೆಯಬೇಡಿ. ಅದಕ್ಕೆ ಬೇರೆಯದೇ ಪ್ರಯೋಗ ಬೇಕು. ಕೋಷ್ಟಕದ ಕೆಳಗೆ ಪ್ರತಿಕಾಯದ ಕ್ಲೋನ್ ಮತ್ತು ಲಾಟ್ ಸಂಖ್ಯೆ, ದುರ್ಬಲಗೊಳಿಸಿದ ಪ್ರಮಾಣ, ಸ್ಥಿರೀಕರಣದ ನಿಮಿಷಗಳು, ಸಾವಿನ ನಂತರದ ಅಂತರ ಮತ್ತು ಸೆಕ್ಷನ್ ತೆಗೆದ ಜಾಗವನ್ನು ಪ್ರತಿ ಪ್ರಾಣಿಗೂ ಪ್ರತ್ಯೇಕವಾಗಿ ನಮೂದಿಸಿ.